ಹಣ್ಣಜ್ಜಿ ದಿನಾ ಹೇಳುತ್ತಿದ್ದ ಮಾತು

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಅಕ್ಕನ ಆಶೀರ್ವಾದ ನಿನಗೆ, ಮುತ್ತುಗಳು ಮಕ್ಕಳಿಬ್ಬರಿಗೆ.

ಮೊದಲೇ ಒಂದು ಮಾತು. ಮಕ್ಕಳು ಆ ಹಾಡು ಹೇಳುವುದನ್ನು ಇವತ್ತೇ ನಿಲ್ಲಿಸು. ಯಾವ ಹಾಡು ಅಂತ ನಿನಗೆ ಗೊತ್ತು. ಗದರಬೇಡ, ಬೇರೆ ಏನಾದರೂ ಕಲಿಸಿ ಮರೆಸು. ಕಾರಣ ಮುಂದೆ ಬರೆಯುತ್ತೇನೆ. ಓದಿದ ಮೇಲೆ ನಾನು ಹೇಳದಿದ್ದರೂ ನೀನೇ ನಿಲ್ಲಿಸುತ್ತೀಯ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮದು ಎರಡು ಕೋಣೆಯ ಮನೆ, ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಒಳಗೆ ಮಲಗಿರುವ ನಿನ್ನ ಭಾವನಿಗೆ ಕೇಳುತ್ತದೆ. ಮೇಲಾಗಿ ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕಿ, ಬಿಡಕ್ಕಾ, ಆಗಿದ್ದಾಯ್ತು ಅಂತ ಮುಗಿಸಿಬಿಡುತ್ತೀಯ. ಕಾಗದದ ಮುಂದೆ ನಿನ್ನ ಚಿಲಿಪಿಲಿ ನಡೆಯುವುದಿಲ್ಲ. ಪೂರ್ತಿ ಓದು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಏಜೆಂಟು ನಿನಗೂ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಗೊತ್ತುಮಾಡಿದ್ದಾನೆ, ಇನ್ನು ಐದು ತಿಂಗಳಿಗೆ ಮನೆಮಂದಿಯೆಲ್ಲ ಹೊರಟು ಬರಬೇಕು, ಅಷ್ಟರೊಳಗೆ ಇಲ್ಲಿಯ ಭಾಷೆ ಕಲಿಯಲೇಬೇಕಾ ಅಂತ. ಉತ್ತರವನ್ನೂ ನೀನೇ ಹೇಳಿಕೊಂಡೆ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ, ಭಾಷೆ ತಾನಾಗೇ ಬರುತ್ತೆ, ಅಕ್ಕ ಐದು ವರ್ಷ ಒಂದಕ್ಷರ ಕಲೀದೆ ಸಂಸಾರ ಮಾಡಲಿಲ್ವಾ ಅಂದೆ.

ಅದರಲ್ಲಿ ನಿನ್ನ ತಪ್ಪಿಲ್ಲ. ಆ ಪಾಠ ಹೇಳಿಕೊಟ್ಟವಳೇ ನಾನು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ, ಮಾತೇ ಬಾರದವಳಿಗೆ ಜಗಳ ಎಲ್ಲಿಂದ ಬರಬೇಕು ಅಂತ ನಾನು ಜಂಬ ಕೊಚ್ಚಿಕೊಂಡಾಗೆಲ್ಲ ನೀನು ನಕ್ಕಿದ್ದೀಯ. ನಿಜಕ್ಕೂ ಸುಖವಾಗಿಯೇ ಇದ್ದೆ, ಗುಬ್ಬಿ. ಬಸ್ಸಿನಲ್ಲಿ ಯಾರಾದರೂ ನನ್ನ ಬಗ್ಗೆ ಏನಾದರೂ ಅಂದರೆ ಅದು ಬರೀ ಸದ್ದು. ಅಂಗಡಿಯವಳು ಸಿಡುಕಿದರೂ ಸದ್ದು. ನಿನ್ನ ಭಾವನಂತೂ ಕಾರ್ಖಾನೆಯಲ್ಲಿ ರಟ್ಟಿನ ಪೆಟ್ಟಿಗೆ ಮಡಿಸುವವರು, ಮೆಷಿನ್ನಿಗೆ ಯಾವ ಭಾಷೆ ಅಂತ ಕೇಳುತ್ತಾರೆ. ನಮ್ಮ ಬೀದಿ ತಿರುವಿನ ಗ್ರಂಥಾಲಯದಲ್ಲಿ ಹೊಸಬರಿಗೆ ವಾರಕ್ಕೆರಡು ದಿನ ಭಾಷೆ ಹೇಳಿಕೊಡುತ್ತಾರೆ, ಪುಕ್ಕಟೆಯಾಗಿ. ಐದು ವರ್ಷ ಆ ಬಾಗಿಲ ಮುಂದೆಯೇ ತರಕಾರಿ ಚೀಲ ಹಿಡಿದು ಓಡಾಡಿದೆ. ಒಳಗೆ ಕಾಲಿಡಲಿಲ್ಲ.

ಹಣ್ಣಜ್ಜಿಯ ವಿಷಯ ನಿನಗೆ ಗೊತ್ತು. ಹಣ್ಣು ಹಣ್ಣು ಮುದುಕಿ ಅಂತ ನಾವಿಬ್ಬರೇ ಫೋನಿನಲ್ಲಿ ಇಟ್ಟ ಹೆಸರು ಅದು. ನಾಲ್ಕು ವರ್ಷ ಅವರನ್ನು ನೋಡಿಕೊಂಡೆ. ಆದರೆ ನನ್ನನ್ನು ಯಾಕೆ ಇಟ್ಟುಕೊಂಡರು ಅನ್ನುವುದನ್ನು ನಿನಗೆ ಹೇಳಿರಲಿಲ್ಲ. ಏಜೆಂಟು ಕರೆದುಕೊಂಡು ಹೋದ ದಿನ ಅವರ ಮಗ ಎರಡೇ ಪ್ರಶ್ನೆ ಕೇಳಿದ, ಏಜೆಂಟು ಅದನ್ನು ನನಗೆ ತಿಳಿಸಿದ. ಎತ್ತಿ ಕೂರಿಸುವ ಶಕ್ತಿ ಇದೆಯಾ, ನಮ್ಮ ಭಾಷೆ ಬರುತ್ತಾ. ಮೊದಲನೆಯದಕ್ಕೆ ಏಜೆಂಟು ನನ್ನ ರಟ್ಟೆ ತೋರಿಸಿದ. ಎರಡನೆಯದಕ್ಕೆ ತಾನೇ ಇಲ್ಲ ಅಂದು, ನಾನು ಹೆದರಿದ್ದನ್ನು ನೋಡಿ ನಮ್ಮ ಭಾಷೆಯಲ್ಲಿ ಹೇಳಿದ: ನಿನ್ನ ಅದೃಷ್ಟ ಕಣಮ್ಮಾ, ಭಾಷೆ ಬರದೇ ಇರೋರೇ ಬೇಕಂತೆ ಇವರಿಗೆ, ಮೊದಲು ಇದ್ದೋಳು ಬಾಯಿಬಡುಕಿಯಂತೆ. ನಾನು ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಕೆಲಸ ಕಷ್ಟದ್ದೇನಲ್ಲ. ಬೆಳಿಗ್ಗೆ ಎಂಟಕ್ಕೆ ಹೋಗಿ ಅಜ್ಜಿಯ ಮೈ ಒರೆಸಿ, ಬೆನ್ನಿಗೆ ಹುಣ್ಣಾಗದ ಹಾಗೆ ಪುಡಿ ಹಾಕಿ, ತಲೆ ಬಾಚಿ, ಗಂಜಿ ಕುಡಿಸಿ, ಗಾಲಿ ಕುರ್ಚಿಯಲ್ಲಿ ಕೂರಿಸುವುದು. ಮಾತ್ರೆಗಳಿಗೆ ಬಣ್ಣಬಣ್ಣದ ಡಬ್ಬಿ, ಹೊತ್ತು ತಿಳಿಯಲು ಡಬ್ಬಿಯ ಮೇಲೆ ಸೂರ್ಯ ಚಂದ್ರರ ಚಿತ್ರ. ನೀರು, ನೋವು, ಸಾಕು, ಕಕ್ಕಸು, ಈ ನಾಲ್ಕು ಮಾತು ಬಂದರೆ ಮುಗಿಯಿತು. ಉಳಿದದ್ದಕ್ಕೆ ಕೈಸನ್ನೆ. ಮಗ ವಾರಕ್ಕೊಮ್ಮೆ ಬಂದು, ನಿಂತಲ್ಲೇ ನಿಂತು ಹೋಗುತ್ತಿದ್ದ.

ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಅಜ್ಜಿ ನನ್ನ ಮಣಿಕಟ್ಟು ಹಿಡಿದು ಒಂದಷ್ಟು ಮಾತಾಡುತ್ತಿದ್ದರು. ಅವವೇ ಮಾತು, ಅದೇ ಏರಿಳಿತ. ನಾಲ್ಕು ಸಲ ಏರಿ ಕೊನೆಗೆ ಇಳಿಯುವುದು. ಆಮೇಲೆ ದಿಂಬಿನ ಚೀಲದೊಳಗಿಂದ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಚುತ್ತಿದ್ದರು. ಒಳಗೆ ಅವರ ಲಿಪಿಯಲ್ಲಿ ಮೂರು ಸಾಲು. ನನಗೆ ಅದು ಕೋಣನ ಮುಂದಿನ ಕಿನ್ನರಿ.

ನಾನೇನು ಮಾಡುತ್ತಿದ್ದೆ ಹೇಳು? ನಮ್ಮಜ್ಜಿ ಕಥೆ ಹೇಳುವಾಗ ಹ್ಞೂಂಗುಟ್ಟದಿದ್ದರೆ ಕಥೆ ನಿಂತೇಹೋಗುತ್ತಿತ್ತಲ್ಲ. ಹ್ಞೂಂ ಅನ್ರೇ, ನಾನೇನು ಗೋಡೆಗೆ ಹೇಳ್ತಾ ಇದೀನಾ ಅಂತ ಬೈಯುತ್ತಿದ್ದರಲ್ಲ. ಆ ಅಭ್ಯಾಸ ನಾಲಿಗೆಯಲ್ಲಿ ಕೂತುಬಿಟ್ಟಿದೆ. ಹಿರಿಯರು ಮಾತಾಡುವಾಗ ಸುಮ್ಮನಿರುವುದು ಅಗೌರವ ಅಂತ, ಹಣ್ಣಜ್ಜಿಯ ಪ್ರತಿ ಮಾತಿಗೂ ತಲೆದೂಗಿ ಹ್ಞೂಂ, ಹ್ಞೂಂ ಅನ್ನುತ್ತಿದ್ದೆ. ಚೀಟಿ ಯಾವುದೋ ಪ್ರಾರ್ಥನೆ ಇರಬೇಕು ಅಂದುಕೊಂಡೆ. ಅಷ್ಟು ಜೋಪಾನ ಮಾಡುವುದು ಇನ್ನೇನಿರುತ್ತದೆ? ಹಾಗಾಗಿ ಕಣ್ಣಿಗೊತ್ತಿಕೊಂಡು, ಅವರ ಗಂಡನ ಫೋಟೋದ ಹಿಂದೆ ಭದ್ರವಾಗಿ ಇಡುತ್ತಿದ್ದೆ. ಮೈ ಒರೆಸುವಾಗ ಎತ್ತಿ ಮತ್ತೆ ದಿಂಬಿನೊಳಗೆ ಸೇರಿಸುತ್ತಿದ್ದೆ. ಅಜ್ಜಿಯ ಕಣ್ಣು ತುಂಬುತ್ತಿತ್ತು. ನನ್ನ ಭಕ್ತಿಗೆ ಮೆಚ್ಚಿದರು ಅಂತ ನನ್ನ ಲೆಕ್ಕ.

ದಿನಾ ಕೇಳಿ ಕೇಳಿ ಆ ಮಾತು ನನಗೆ ಬಾಯಿಪಾಠವಾಯಿತು. ಅರ್ಥ ಗೊತ್ತಿಲ್ಲದೆ ಮಗ್ಗಿ ಕಲಿತ ಹಾಗೆ. ಪಾತ್ರೆ ತೊಳೆಯುವಾಗ ಗುನುಗುತ್ತಿದ್ದೆ. ಒಂದು ಸಲ ನಿನಗೆ ಫೋನಿನಲ್ಲಿ ಅಣಕಿಸಿ ತೋರಿಸಿದೆ, ಅಜ್ಜಿಯ ಆ ನಡುಗುವ ದನಿಯಲ್ಲೇ. ನೀನು ಬಿದ್ದು ಬಿದ್ದು ನಕ್ಕೆ. ನೀನು ಸ್ಪೀಕರು ಹಾಕಿದ್ದೆ, ಮಕ್ಕಳು ಅದನ್ನು ಹಿಡಿದುಕೊಂಡು ಹಾಡು ಮಾಡಿ ಕುಣಿದರು. ಈಗಲೂ ಕುಣಿಯುತ್ತಾರೆ. ಹೋದ ವಾರ ನೀನು ಕಳಿಸಿದ ವಿಡಿಯೋದಲ್ಲಿ ಚಿಕ್ಕವಳು ತಟ್ಟೆ ಬಡಿಯುತ್ತಾ ಅದನ್ನೇ ಹಾಡುತ್ತಿದ್ದಳು. ಅವಳ ಬಾಯಲ್ಲಿ ಒಂದಕ್ಷರ ತಪ್ಪಿಲ್ಲ. ನಾನು ಫೋನನ್ನು ಹಾಸಿಗೆಯ ಕೆಳಗೆ ತಳ್ಳಿ ಆಚೆ ಬಂದು ನಿಂತೆ.

ಹಣ್ಣಜ್ಜಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಮಗ ಕೋಣೆ ಖಾಲಿ ಮಾಡಿಸುವಾಗ ಬೇಕಾದ್ದು ತಗೋ ಅಂತ ಸನ್ನೆ ಮಾಡಿದ. ನಾನು ಆ ಚೀಟಿಯೊಂದನ್ನೇ ತಂದೆ, ನಾಲ್ಕು ವರ್ಷದ ಋಣಾನುಬಂಧ ಅಂತ. ತಂದು ದೇವರ ಗೂಡಿನಲ್ಲಿಟ್ಟು ದಿನಾ ದೀಪ ಹಚ್ಚಿದೆ. ಆಮೇಲೆ ಈ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಇಲ್ಲಿಯವರು ಮಾತ್ರ ಖಂಡಿತವಾಗಿ ಹೇಳಿದರು: ಮುದುಕರು ನೋವು ಅಂದರೆ ಎಲ್ಲಿ ಅಂತ ಕೇಳಲು ಬರಬೇಕು, ಒಂದು ವರ್ಷದೊಳಗೆ ಭಾಷೆ ಕಲಿತ ಪ್ರಮಾಣಪತ್ರ ತರಬೇಕು ಅಂತ. ಹೀಗೆ ಆ ಗ್ರಂಥಾಲಯದ ಮೆಟ್ಟಿಲು ಹತ್ತಿದೆ. ನಲವತ್ತಮೂರನೇ ವಯಸ್ಸಿನಲ್ಲಿ ಸ್ಲೇಟು ಹಿಡಿದ ಹಾಗೆ ನಾಚಿಕೆ. ಮೇಡಂ ಒಳ್ಳೆಯವರು, ನಮ್ಮ ತಪ್ಪಿಗೆ ನಗುವುದಿಲ್ಲ.

ಮೂರನೇ ವಾರ ಆಸ್ಪತ್ರೆಯ ಪಾಠ. ಸರದಿ ಬರುವವರೆಗೆ ಜನ ಕೂರುವ ಕೋಣೆಯ ಚಿತ್ರ ತೋರಿಸಿ ಮೇಡಂ ಒಂದು ಪದ ಹೇಳಿದರು. ಕಾಯುವುದು. ನನ್ನ ಕಿವಿಯೊಳಗೆ ಹಣ್ಣಜ್ಜಿ ಅದನ್ನೇ ಹೇಳಿದರು. ಭ್ರಮೆ ಅಂದುಕೊಳ್ಳಬೇಡ. ಅವರ ಮೂರನೇ ಏರಿಳಿತದ ನಡುವೆ ಆ ಪದ ಇತ್ತು. ಮೇಡಂ ಮುಂದಿನ ಚಿತ್ರಕ್ಕೆ ಹೋದರೂ ನಾನು ಅಲ್ಲೇ ಉಳಿದೆ.

ಆಮೇಲೆ ಒಂದೊಂದು ಪಾಠಕ್ಕೂ ಒಂದೊಂದು ಬಾಗಿಲು ತೆರೆದುಕೊಂಡಿತು. ಸಂಬಂಧಗಳ ಪಾಠದಲ್ಲಿ ಮಗಳು ಸಿಕ್ಕಳು. ಅಂಚೆಯ ಪಾಠದಲ್ಲಿ ಕಾಗದ ಬರೆ ಅನ್ನುವುದು ಸಿಕ್ಕಿತು. ಬಟ್ಟೆ ಮಡಿಸುವಾಗ, ಬಸ್ಸಿನಲ್ಲಿ, ಅನ್ನಕ್ಕೆ ನೀರಿಡುವಾಗ ಆ ದನಿ ಶುರುವಾಗುತ್ತಿತ್ತು, ಹಿಂದಿನ ವಾರಕ್ಕಿಂತ ಒಂದು ಪದ ಹೆಚ್ಚು ತಿಳಿಯುವಂತೆ. ಅರ್ಥವಾಗದ ಮಾತು ಮರೆತುಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಅದು ಒಳಗೆ ಕೂತು ನಾವು ಕಲಿಯುವುದನ್ನೇ ಕಾಯುತ್ತದೆ. ಬೇರೆ ಭಾಷೆ ಕಲಿತರೆ ನಮ್ಮದು ಮರೆಯುತ್ತೆ ಅಂತ ಹೆದರಿಸುವವರು ನಿನಗೆ ಸಿಗುತ್ತಾರೆ. ನನ್ನ ಭಯವೇ ಬೇರೆಯಾಗಿತ್ತು. ನಾಳೆಯ ಪಾಠದಲ್ಲಿ ಯಾವ ಪದ ಬರುತ್ತದೋ ಅಂತ. ಮೂರು ಸಲ ತರಗತಿ ತಪ್ಪಿಸಿದೆ. ಹೋಗದಿದ್ದರೂ ದನಿ ನಿಲ್ಲಲಿಲ್ಲ, ಹಾಗಾಗಿ ಹೋದೆ.

ಈಗ ಪೂರ್ತಿ ಗೊತ್ತಿದೆ. ಮಕ್ಕಳು ಹಾಡುವುದು ಇದನ್ನು, ಗುಬ್ಬಿ:

ನನ್ನ ಮಗಳಿಗೆ ಒಂದು ಕಾಗದ ಬರಿ. ಈ ವಿಳಾಸಕ್ಕೆ ಬರಿ. ಅಮ್ಮ ಕಿಟಕೀಲಿ ಕಾಯ್ತಾ ಕೂತಿರ್ತಾಳೆ ಅಂತ ಬರಿ. ಬರೀತೀಯಾ? ನನ್ನ ಮಗನಿಗೆ ಹೇಳ್ಬೇಡ.

ನಾನು ಹ್ಞೂಂ ಅಂದೆ. ನಾಲ್ಕು ವರ್ಷ ದಿನಾ ಹ್ಞೂಂ ಅಂದೆ. ಅವರು ಕೊಟ್ಟ ವಿಳಾಸವನ್ನು ಕಣ್ಣಿಗೊತ್ತಿಕೊಂಡು ಆಣೆ ಮಾಡಿದವಳ ಹಾಗೆ ತೆಗೆದುಕೊಂಡೆ.

ಅಜ್ಜಿ ಬೆಳಿಗ್ಗೆ ನೀಲಿ ಸ್ವೆಟರೇ ಬೇಕು ಅಂತ ಹಠ ಮಾಡುತ್ತಿದ್ದುದು, ಕುರ್ಚಿಯನ್ನು ಗೇಟು ಕಾಣುವ ಕಿಟಕಿಗೆ ತಿರುಗಿಸಲು ಹೇಳುತ್ತಿದ್ದುದು, ಮೇಜಿನ ಮೇಲೆ ಎರಡು ಬಟ್ಟಲು ಇಡಿಸುತ್ತಿದ್ದುದು ಯಾಕೆ ಅಂತ ಈಗ ತಿಳಿಯಿತು. ನಾನು ಬೀದಿ ನೋಡುವ ಚಪಲ ಅಂತ ನಕ್ಕಿದ್ದೆ. ಎರಡನೆಯ ಬಟ್ಟಲಿನ ಚಹಾ ನಾನೇ ಕುಡಿಯುತ್ತಿದ್ದೆ. ಮೊದಲಿದ್ದ ಬಾಯಿಬಡುಕಿ ಯಾಕೆ ಕೆಲಸ ಕಳೆದುಕೊಂಡಳು ಅನ್ನುವುದೂ ಈಗ ಹೊಳೆಯುತ್ತದೆ. ಅವಳು ಒಂದಾದರೂ ಕಾಗದ ಬರೆದಿರಬೇಕು. ಅಣ್ಣ ತಂಗಿಯರ ನಡುವೆ ಏನು ನಡೆದಿತ್ತೋ ನನಗೆ ಗೊತ್ತಿಲ್ಲ, ಗೊತ್ತಾಗಿ ಆಗಬೇಕಾದ್ದೂ ಇಲ್ಲ.

ಕೊನೆಯ ಎರಡು ತಿಂಗಳು ಅಜ್ಜಿ ಚೀಟಿ ತೆಗೆಯುವುದನ್ನು ಬಿಟ್ಟರು. ಕಿಟಕಿಯೂ ಬೇಡವಾಯಿತು, ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಹಣ್ಣಜ್ಜಿ ಈಗ ಹಠ ಬಿಟ್ಟಿದ್ದಾರೆ, ಕೆಲಸ ಹಗುರ ಅಂತ ನಿನಗೆ ಖುಷಿಯಲ್ಲಿ ಹೇಳಿದ್ದೆ. ಸಾಯುವ ನಾಲ್ಕು ದಿನ ಮುಂಚೆ ನನ್ನ ಕೆನ್ನೆ ಸವರಿ ಒಂದು ಸಣ್ಣ ಮಾತು ಹೇಳಿದರು. ಒಂದೇ ಸಲ ಹೇಳಿದ್ದಾದರೂ ಅದೂ ಉಳಿದುಕೊಂಡಿದೆ. ಬೇಕು ಬೇಡಗಳ ಪಾಠದ ದಿನ, ಪಕ್ಕದ ಬೆಂಚಿನವಳು ತನಗೆ ಏನೇನು ಇಷ್ಟ ಅಂತ ಎದ್ದು ನಿಂತು ಹೇಳುತ್ತಿರುವಾಗ, ಅದರ ಅರ್ಥ ಬಿಡಿಸಿಕೊಂಡಿತು.

ಬೇಜಾರು ಮಾಡ್ಕೋಬೇಡ ಮಗಾ. ನೀನು ಬರೆದೆ. ಅವಳಿಗೇ ಬರೋಕೆ ಇಷ್ಟ ಇಲ್ಲ.

ನಾನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಮೇಡಂ ನೀರು ತಂದುಕೊಟ್ಟು ತಲೆ ಸುತ್ತಿತಾ ಅಂತ ಕೇಳಿದರು. ಆ ಪ್ರಶ್ನೆ ನನಗೆ ಸರಾಗವಾಗಿ ಅರ್ಥವಾಯಿತು. ಅದಕ್ಕೂ ಅಳು ಬಂತು. ತಾಯಿ ಮಗಳ ಮೇಲಿನ ಆಸೆ ಬಿಟ್ಟು ಸತ್ತಳು, ಬಿಡಿಸಿದವಳು ನಾನು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತ ಅಮ್ಮ ಇದ್ದಿದ್ದರೆ ಹೇಳುತ್ತಿದ್ದಳು. ಫಲಕ್ಕಾಗಿ ಯಾರು ಚಿಂತಿಸುತ್ತಾರೆ?

ಮುಂದಿನ ಶುಕ್ರವಾರ ದೇವರ ಗೂಡು ಒರೆಸುವಾಗ ಚೀಟಿ ಬಿಚ್ಚಿದೆ. ಅಷ್ಟರಲ್ಲಿ ಲಿಪಿ ಕೂಡಿಸಿ ಓದಲು ಬರುತ್ತಿತ್ತು. ಮೊದಲ ಸಾಲು ಒಂದು ಹೆಸರು. ಎರಡನೆಯದು ಮನೆಯ ನಂಬರು. ಮೂರನೆಯದು ಬೀದಿ. ಆ ಬೀದಿಯ ಹೆಸರನ್ನು ನಾನು ದಿನಾ ಎರಡು ಸಲ ಕೇಳುತ್ತೇನೆ, ಬಸ್ಸಿನ ಸ್ಪೀಕರಿನಲ್ಲಿ. ಹಣ್ಣಜ್ಜಿಯ ಮನೆಯಿಂದ ನಾಲ್ಕನೇ ಸ್ಟಾಪು. ದೂರದೇಶವಲ್ಲ, ಬೇರೆ ಊರೂ ಅಲ್ಲ. ನಾಲ್ಕು ಸ್ಟಾಪು.

ನಿನ್ನ ಭಾವನಿಗೆ ಹೇಳಿದೆ. ಸತ್ತೋರ ಸುದ್ದಿ ನಮಗ್ಯಾಕೆ ಅಂದರು. ಆ ಮಗ ಏನಾದ್ರೂ ತಕರಾರು ತೆಗೆದ್ರೆ ನಮ್ಮ ಕಾಗದಪತ್ರ ಏನಾಗುತ್ತೆ, ಸುಮ್ನೆ ಇರಲಾರದೆ ಇರುವೆ ಬಿಟ್ಕೋಬೇಡ ಅಂದರು. ಅವರು ಕೆಟ್ಟವರಲ್ಲ, ನಿನಗೆ ಗೊತ್ತು. ಹೆದರಿದವರು.

ಆದರೂ ಹೋದ ಭಾನುವಾರ ಹೋದೆ. ಎಂಟು ದಿನ ಕನ್ನಡಿಯ ಮುಂದೆ ನಿಂತು ಹೇಳಬೇಕಾದ್ದನ್ನೆಲ್ಲ ಅವರ ಭಾಷೆಯಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಮೂರನೇ ಮಹಡಿ, ಕಂದು ಬಣ್ಣದ ಬಾಗಿಲು, ಪಕ್ಕದಲ್ಲಿ ಒದ್ದೆ ಛತ್ರಿ ಒಣಹಾಕಿತ್ತು. ಬಾಗಿಲು ತೆಗೆದವರಿಗೆ ಐವತ್ತೈದು ದಾಟಿದೆ. ಗಲ್ಲ ಥೇಟ್ ಹಣ್ಣಜ್ಜಿಯದು. ನಾನು ಯಾರೆಂದು ಹೇಳಿದೆ, ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು, ಅತ್ತರು, ನನ್ನ ಕೈ ಹಿಡಿದುಕೊಂಡರು. ಒಳಗೆ ಕೂರಿಸಿ ಚಹಾ ಕೊಟ್ಟರು. ನನ್ನ ಮನಸ್ಸು ಹಗುರವಾಯಿತು.

ಇದೇ ನಿನ್ನ ಪ್ರಶ್ನೆಗೆ ನನ್ನ ಉತ್ತರ. ಕಲಿ. ಏಜೆಂಟು ಬೇಡ ಅಂದರೂ ಕಲಿ, ನಿನ್ನ ಗಂಡ ನಕ್ಕರೂ ಕಲಿ. ಅಂಗಡಿಗೆ, ಬಸ್ಸಿಗೆ ಬೇಕು ಅಂತಲ್ಲ, ಅದನ್ನು ಕೈಸನ್ನೆಯಲ್ಲೂ ಮಾಡಬಹುದು. ಇಲ್ಲಿಯವರು ಮೆಚ್ಚಲಿ ಅಂತಲೂ ಅಲ್ಲ. ನೀನು ಹಿಡಿದುಕೊಂಡ ಕೈ ನಿನ್ನನ್ನು ಏನು ಕೇಳುತ್ತಿದೆ ಅಂತ ತಿಳಿಯದೆ ಹ್ಞೂಂ ಅನ್ನಬೇಡ. ಭಾಷೆ ಬಾರದವಳಿಗೆ ಹೊಣೆಯೂ ಇಲ್ಲ ಅಂತ ನಾನು ನಂಬಿಕೊಂಡಿದ್ದೆ. ಅದಕ್ಕೇ ಕಲಿಯಲಿಲ್ಲ ಅಂತ ಈಗ ಅನ್ನಿಸುತ್ತದೆ. ಹೊತ್ತಿಲ್ಲದ್ದರಿಂದಲ್ಲ.

ಮಕ್ಕಳಿಗೆ ಬೆಚ್ಚನೆಯ ಬಟ್ಟೆ ಈಗಲೇ ಹೊಲಿಸಬೇಡ, ಬೆಳೆದುಬಿಡುತ್ತಾರೆ. ಕಾಗದ ತಲುಪಿದ ಕೂಡಲೇ ಫೋನು ಮಾಡು, ಆದರೆ ಭಾವ ಇರುವಾಗ ಈ ವಿಷಯ ಎತ್ತಬೇಡ.

ಇತಿ,
ನಿನ್ನನ್ನು ಎದುರುನೋಡುತ್ತಿರುವ
ಅಕ್ಕ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಲಕೋಟೆ ಅಂಟಿಸಿದ್ದೆ, ಈಗ ಹರಿದು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಆ ಮನೆಗೆ ಹೋದದ್ದು ನಿಜ, ಬಾಗಿಲು ತೆಗೆದದ್ದು ನಿಜ. ನಿಮ್ಮ ತಾಯಿಯನ್ನು ನೋಡಿಕೊಳ್ಳುತ್ತಿದ್ದವಳು ನಾನು ಅನ್ನುವವರೆಗೂ ಸರಿಯಾಗಿಯೇ ಹೇಳಿದೆ. ಅವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಕೇಳಿದರು: ಅಮ್ಮ ನನ್ನನ್ನ ಕೇಳಿದ್ಲಾ? ಒಂದೇ ಒಂದು ಸಲನಾದ್ರೂ? ಪ್ರತಿ ಪದವೂ ನನಗೆ ಅರ್ಥವಾಯಿತು. ಹೌದು ಅಂದರೆ, ಮತ್ತೆ ನೀನು ಯಾಕೆ ತಿಳಿಸಲಿಲ್ಲ ಅನ್ನುವುದಕ್ಕೂ ಬಾಯಿ ಬಿಡಬೇಕಿತ್ತು. ನನ್ನ ಬಾಯಿಂದ ಹೊರಟದ್ದು, ಈ ದೇಶಕ್ಕೆ ಇಳಿದ ದಿನ ಕಲಿತ ವಾಕ್ಯ. ಕ್ಷಮಿಸಿ, ನನಗೆ ನಿಮ್ಮ ಭಾಷೆ ಬರುವುದಿಲ್ಲ. ಅವರು ಬಿಡಲಿಲ್ಲ. ತಮ್ಮ ಎದೆ ಮುಟ್ಟಿಕೊಂಡು, ಅಮ್ಮ ಅನ್ನುವ ಪದವನ್ನೂ ತಮ್ಮ ಹೆಸರನ್ನೂ ನಿಧಾನವಾಗಿ ಹೇಳಿ, ಮಗುವಿಗೆ ಕೇಳುವ ಹಾಗೆ ಮತ್ತೊಮ್ಮೆ ಕೇಳಿದರು. ನಾನು ತಿಳಿಯುವುದಿಲ್ಲ ಅಂತ ತಲೆ ಅಲ್ಲಾಡಿಸಿದೆ. ಅದನ್ನೇ ಅವರು ಉತ್ತರ ಅಂದುಕೊಂಡರು. ಮುಖ ನೋಡಿಯೇ ಗೊತ್ತಾಯಿತು. ನನಗೆ ಧನ್ಯವಾದ ಹೇಳಿ ಬಾಗಿಲು ಹಾಕಿಕೊಂಡರು. ನಾನು ಅಲ್ಲೇ ನಿಂತಿದ್ದೆ, ಮತ್ತೆ ತಟ್ಟಲಿಲ್ಲ.

ನೀನು ಕಲಿತು ಬಾ, ಗುಬ್ಬಿ. ಬಂದ ಮೊದಲ ಭಾನುವಾರವೇ ನನ್ನ ರಟ್ಟೆ ಹಿಡಿದು ಆ ಮೂರನೇ ಮಹಡಿಗೆ ಕರೆದುಕೊಂಡು ಹೋಗು. ಒಬ್ಬಳೇ ಹೋದರೆ ಮತ್ತೆ ಅದನ್ನೇ ಹೇಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಅಲ್ಲಿಯೂ ನಾನು ಬಾಯಿ ಬಿಡದಿದ್ದರೆ, ನನ್ನ ಮುಖ ನೋಡಬೇಡ, ಅವರಿಗೆ ಅವರ ಭಾಷೆಯಲ್ಲೇ ಹೇಳಿಬಿಡು: ನಿಮ್ಮಮ್ಮ ದಿನಾ ನಿಮ್ಮನ್ನೇ ಕೇಳ್ತಾ ಇದ್ರು, ಕಾಗದ ಬರೀದೆ ಇದ್ದೋಳು ನಮ್ಮಕ್ಕ.